ಐದು ದಾಳ, ಒಂದು ಮದುವೆ ಹಾಲ್: ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರ್ತಾರಾ ಅಂತ ಲೆಕ್ಕ ಹಾಕುವುದು ಹೇಗೆ?

ಶಿರಸಿ ಕಡೆಯ ಒಂದು ಹಳ್ಳಿಯ ಸಭಾಭವನಕ್ಕೆ ಮದುವೆ ಊಟಕ್ಕೆ ಹೋಗಿದ್ದೆ. ಭವನದ ಸಮಿತಿಯಲ್ಲಿ ನನ್ನ ಭಾವ ಇದ್ದಾರೆ. ಕೈ ತೊಳೆಯಲು ಹಿಂದಿನ ಬಾಗಿಲ ಕಡೆ ಹೋದರೆ ಅದಕ್ಕೆ ಕೀಲಿ ಬಿದ್ದಿತ್ತು. ಬಾಗಿಲ ಮುಂದೆ ಗ್ಯಾಸ್ ಸಿಲಿಂಡರ್, ಬಾಳೆಲೆ ಕಟ್ಟು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ.

"ಇದೆಂತಕ್ಕೆ ಭಾವ, ಕೀಲಿ?" ಅಂದೆ.

"ಕೀಲಿ ಹಾಕದೆ ಇದ್ರೆ ಪಾತ್ರೆ ಉಳಿತಿಲ್ಲೆ ಮಾರಾಯ. ಎದುರಿಗೆ ಅಷ್ಟು ದೊಡ್ಡ ಬಾಗ್ಲು ಇದ್ದಲೋ, ಸಾಕು" ಅಂದರು.

ಸಾಕಾ? ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮೂರಿನ ಹಾಲ್, ಶಾಲೆ, ಬ್ಯಾಂಕಿನ ಮೇಲಿನ ಮೀಟಿಂಗ್ ರೂಮು, ಯಾವುದಕ್ಕಾದರೂ ಇದನ್ನು ಹೊಂದಿಸಿಕೊಳ್ಳಬಹುದು. ಬೇಕಾಗುವುದು ಒಂದು ಅಳತೆ ಟೇಪು, ಮೊಬೈಲು ಮತ್ತು ಲೂಡೋ ಡಬ್ಬಿಯ ದಾಳ.

ಮೊದಲು: ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಿ

"ಈ ಕಟ್ಟಡ ಸುರಕ್ಷಿತವಾ?" ಅಂತ ಕೇಳಿದರೆ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಬದಲು ಎರಡು ಸಮಯಗಳನ್ನು ಹೋಲಿಸಿ. ಬೆಂಕಿ ಹತ್ತಿದ ಕ್ಷಣದಿಂದ ಹೊಗೆ ತಲೆಯ ಮಟ್ಟಕ್ಕೆ ಇಳಿಯುವ ತನಕ ಎಷ್ಟು ಸೆಕೆಂಡ್? ಇದು ಸಿಗುವ ಸಮಯ. ಅದೇ ಕ್ಷಣದಿಂದ ಕೊನೆಯ ಮನುಷ್ಯ ಬಾಗಿಲು ದಾಟುವ ತನಕ ಎಷ್ಟು? ಇದು ಬೇಕಾಗುವ ಸಮಯ. ಎರಡನೆಯದು ಜಾಸ್ತಿಯಾದರೆ ಸೋಲು. ಅಗ್ನಿ ಸುರಕ್ಷತೆಯ ಎಂಜಿನಿಯರುಗಳು ಇವನ್ನೇ ಎಎಸ್‌ಇಟಿ, ಆರ್‌ಎಸ್‌ಇಟಿ ಅನ್ನುತ್ತಾರೆ.

ಬೆಂಕಿಯ ಉರಿಯನ್ನು ಬಿಟ್ಟು ಹೊಗೆಯನ್ನು ಯಾಕೆ ಅಳೆಯಬೇಕು? ಯಾಕೆಂದರೆ ಮೊದಲು ಬರುವುದು ಹೊಗೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಇದ್ದದ್ದು ಕೆಳಗೆ, ವಾಹನ ನಿಲ್ಲಿಸುವ ಜಾಗದ ಟ್ರಾನ್ಸ್‌ಫಾರ್ಮರ್ ಹತ್ತಿರ. ಜನ ಉಸಿರುಕಟ್ಟಿದ್ದು ಮೇಲೆ, ಬಾಲ್ಕನಿಯಲ್ಲಿ. ಅಲ್ಲಿ ಹೊರಹೋಗುವ ಒಂದು ದಾರಿಯನ್ನು ಹೆಚ್ಚುವರಿ ಸೀಟು ಹಾಕಿ ಮುಚ್ಚಿದ್ದರು.

ಅಗ್ನಿಶಾಮಕ ವಾಹನವನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ನಮ್ಮ ಘಟ್ಟದ ರಸ್ತೆಗಳಲ್ಲಿ ಅದು ಪೇಟೆ ಬಿಟ್ಟು ಹೊರಡುವಷ್ಟರಲ್ಲೇ ನಾವು ಮಾತಾಡುತ್ತಿರುವ ಸೆಕೆಂಡುಗಳು ಮುಗಿದಿರುತ್ತವೆ. 101ಕ್ಕೋ 112ಕ್ಕೋ ಫೋನ್ ಮಾಡಲೇಬೇಕು. ಆದರೆ ಒಳಗಿರುವವರು ಹೊರಗೆ ಬರುವುದು ಅವರವರ ಕಾಲ ಮೇಲೇ.

ಅಳತೆ: ಮದುವೆಯ ದಿನವೇ ಹೋಗಿ

ಖಾಲಿ ಹಾಲ್ ಅಳೆದರೆ ಸುಳ್ಳು ಅಳತೆ ಸಿಗುತ್ತದೆ. ಭಾವನ ಹಾಲಿನ ಎದುರು ಬಾಗಿಲು ನಕ್ಷೆಯಲ್ಲಿ 3 ಮೀಟರ್. ಮದುವೆಯ ದಿನ ಅಲ್ಲೊಂದು ಹೂವಿನ ಕಮಾನು, ಪಕ್ಕದಲ್ಲಿ ಪನ್ನೀರು ಮತ್ತು ಕಲ್ಲುಸಕ್ಕರೆ ಇಟ್ಟ ಮೇಜು. ಉಳಿಯುವುದು 2.4 ಮೀಟರ್. ಎರಡು ಬಾಗಿಲ ರೆಕ್ಕೆಗಳಲ್ಲಿ ಒಂದಕ್ಕೆ ಚಿಲಕ ಹಾಕಿಡುವ ಅಭ್ಯಾಸ ಇದ್ದರೆ ಅದನ್ನೂ ಕಳೆಯಿರಿ.

ನನ್ನ ಅಳತೆಗಳು ಹೀಗಿದ್ದವು. ಹಾಲ್ 24 ಮೀಟರ್ ಉದ್ದ, 15 ಮೀಟರ್ ಅಗಲ, ಅಂದರೆ 360 ಚದರ ಮೀಟರ್. ಸೀಲಿಂಗ್ ಎತ್ತರ 5 ಮೀಟರ್. ಎದುರು ಬಾಗಿಲು 2.4 ಮೀಟರ್, ಅಡುಗೆಮನೆ ಪಕ್ಕದ ಹಿಂದಿನ ಬಾಗಿಲು 1.2 ಮೀಟರ್.

ಸಿಗುವ ಸಮಯ

ಬೆಂಕಿ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದನ್ನು ನಾಲ್ಕು ಗುಂಪು ಮಾಡುತ್ತಾರೆ. ಸುಮಾರು 1 ಮೆಗಾವಾಟ್ ಶಾಖ ಕೊಡುವ ಮಟ್ಟಕ್ಕೆ ಏರಲು ನಿಧಾನದ ಬೆಂಕಿಗೆ 600 ಸೆಕೆಂಡ್, ಮಧ್ಯಮಕ್ಕೆ 300, ವೇಗದ್ದಕ್ಕೆ 150, ಅತಿವೇಗದ್ದಕ್ಕೆ 75. ಶಾಖ ಸಮಯದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅನ್ನುವ ಊಹೆ ಇದರ ಹಿಂದಿದೆ. ಅಂದರೆ ಸಮಯ ಎರಡು ಪಟ್ಟು ಆದರೆ ಶಾಖ ನಾಲ್ಕು ಪಟ್ಟು.

ಈ ಬೆಂಕಿಯ ಹೊಗೆ ಸೀಲಿಂಗ್ ಕೆಳಗೆ ತುಂಬುತ್ತಾ ಇಳಿಯುವುದಕ್ಕೆ ಒಂದು ಹಳೆಯ, ಚೆನ್ನಾಗಿ ಬಳಕೆಯಲ್ಲಿರುವ ಸೂತ್ರ ಇದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಘವಾದ ಎನ್‌ಎಫ್‌ಪಿಎಯ 92ನೇ ಮಾನಕದಲ್ಲಿ ಸಿಗುತ್ತದೆ. ತಿರುಗಿಸಿ ಬರೆದರೆ ಹೀಗೆ:

ಸಿಗುವ ಸಮಯ = ಬೆ^0.4 × ಎ^0.8 × (ವಿ ÷ ಎ²)^0.6 × (0.91 × ಎ ÷ ಹೊ)^0.69

ಬೆ ಅಂದರೆ ಮೇಲೆ ಹೇಳಿದ ಬೆಳೆಯುವ ಸಮಯ. ಎ ಸೀಲಿಂಗ್ ಎತ್ತರ, ವಿ ನೆಲದ ವಿಸ್ತೀರ್ಣ. ಹೊ ಅಂದರೆ ಹೊಗೆ ಎಲ್ಲಿಯವರೆಗೆ ಇಳಿದರೆ ಅಪಾಯ ಅಂತ ನೀವು ಇಟ್ಟುಕೊಂಡ ಎತ್ತರ. ನಾನು 2 ಮೀಟರ್ ಇಟ್ಟೆ, ಎತ್ತರದ ಮನುಷ್ಯನ ತಲೆಗಿಂತ ಚೂರು ಮೇಲೆ. ^ ಅಂದರೆ ಘಾತ. ಹೆದರಬೇಡಿ, ಎಕ್ಸೆಲ್‌ನಲ್ಲಿ ಅಕ್ಷರಗಳ ಜಾಗದಲ್ಲಿ ಅಂಕಿ ಇಟ್ಟು, × ಬದಲು *, ÷ ಬದಲು / ಟೈಪ್ ಮಾಡಿದರಾಯಿತು.

ನಮ್ಮ ಹಾಲಿಗೆ ಬರುವ ಉತ್ತರ: ಮಧ್ಯಮ ಬೆಂಕಿಗೆ 310 ಸೆಕೆಂಡ್, ವೇಗದ್ದಕ್ಕೆ 235, ಅತಿವೇಗದ್ದಕ್ಕೆ 178. ಮೂರೇ ನಿಮಿಷ!

ಸೂತ್ರದ ಮಿತಿ ಗೊತ್ತಿರಲಿ. ಇದು ಚಪ್ಪಟೆ ಸೀಲಿಂಗ್ ಇರುವ, ಹೊಗೆ ಹೊರಗೆ ಹೋಗದ ಕೋಣೆಗೆ. ವಿ ÷ ಎ² ಬೆಲೆ 1ರಿಂದ 23ರ ಒಳಗೆ ಇರಬೇಕು. ನಮ್ಮದು 14.4, ನಡೆಯುತ್ತದೆ. ಹಂಚಿನ ಮಾಡು ಇದ್ದು ಸಂದಿನಲ್ಲಿ ಹೊಗೆ ಸೋರುವ ಹಳೆಯ ಕಟ್ಟಡಕ್ಕೆ ಈ ಸೂತ್ರ ನಿಜಕ್ಕಿಂತ ಕಮ್ಮಿ ಸಮಯ ತೋರಿಸುತ್ತದೆ. ಶಾಮಿಯಾನಕ್ಕಂತೂ ಬಳಸಲೇಬೇಡಿ. ಅಲ್ಲಿ ಹೊಗೆ ಇಳಿಯುವ ಮೊದಲೇ ಬಟ್ಟೆಯೇ ಉರಿದು ಮೈಮೇಲೆ ಬೀಳಬಹುದು. 1995ರ ಡಿಸೆಂಬರಿನಲ್ಲಿ ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಕಾರ್ಯಕ್ರಮದ ಚಪ್ಪರಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಹೋದರು.

ಬೇಕಾಗುವ ಸಮಯ

ಇದರಲ್ಲಿ ಮೂರು ತುಂಡು. ಯಾರಾದರೂ ಬೆಂಕಿ ನೋಡುವ ತನಕ ಒಂದು. ನೋಡಿದ ಮೇಲೂ ಜನ ಏಳದೆ ಕೂತಿರುವುದು ಎರಡು. ಎದ್ದು ಬಾಗಿಲು ದಾಟುವುದು ಮೂರು.

ಮೂರನೆಯದು ಎಲ್ಲಕ್ಕಿಂತ ಸುಲಭ. ಬಾಗಿಲ ಪೂರ್ತಿ ಅಗಲದಲ್ಲಿ ಜನ ಹರಿಯುವುದಿಲ್ಲ. ಯಾರೂ ಚೌಕಟ್ಟಿಗೆ ಭುಜ ಉಜ್ಜಿಕೊಂಡು ಹೋಗುವುದಿಲ್ಲವಲ್ಲ, ಹಾಗಾಗಿ ಎರಡೂ ಬದಿ 15 ಸೆಂಟಿಮೀಟರ್ ಕಳೆಯಿರಿ. ಉಳಿದ ಅಗಲದ ಪ್ರತಿ ಮೀಟರಿಗೆ ಸೆಕೆಂಡಿಗೆ ಹೆಚ್ಚೆಂದರೆ 1.3 ಜನ ದಾಟುತ್ತಾರೆ ಅನ್ನುವುದು ಅಗ್ನಿ ಎಂಜಿನಿಯರಿಂಗಿನ ಕೈಪಿಡಿ ಲೆಕ್ಕ. ಎದುರು ಬಾಗಿಲು: 2.1 × 1.3, ಅಂದರೆ ಸೆಕೆಂಡಿಗೆ 2.73 ಜನ. ಹಿಂದಿನದು: 0.9 × 1.3, ಅಂದರೆ 1.17. ಎರಡೂ ಸೇರಿ 3.9. 400 ಜನ ಇದ್ದರೆ ಎರಡೂ ಬಾಗಿಲಿಂದ 103 ಸೆಕೆಂಡ್, ಎದುರಿನದರಿಂದ ಮಾತ್ರ 147. ಬಾಗಿಲ ತನಕ ನಡೆಯುವ ಸಮಯವನ್ನು ನಾನು ಬಿಟ್ಟಿದ್ದೇನೆ. ಬಾಗಿಲಲ್ಲಿ ಸಾಲು ಇರುವಾಗ ಹಿಂದಿನವರು ನಡೆದು ಬರುವುದು ಆ ಸಾಲಿನ ಸಮಯದೊಳಗೇ ಮುಗಿಯುತ್ತದೆ.

1.3 ಅನ್ನುವುದು ನಮ್ಮ ಜನಕ್ಕೆ ಹೊಂದುತ್ತದಾ? ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಮೈಕಿನಲ್ಲಿ "ಊಟಕ್ಕೆ ಏಳಿ" ಅಂದಾಗ ಊಟದ ಹಾಲ್ ಬಾಗಿಲ ಎದುರು ಮೊಬೈಲ್ ಹಿಡಿದು ಎರಡು ನಿಮಿಷ ವಿಡಿಯೋ ಮಾಡಿ. ಹತ್ತು ಹತ್ತು ಸೆಕೆಂಡಿಗೆ ಎಷ್ಟು ತಲೆ ದಾಟಿತು ಎಣಿಸಿ. ಸೀರೆ ಉಟ್ಟವರು, ಮಗು ಎತ್ತಿಕೊಂಡವರು, ಅಜ್ಜನ ಕೈ ಹಿಡಿದವರು ಎಲ್ಲ ಅದರಲ್ಲಿ ಬರುತ್ತಾರೆ. ನಿಮಗೆ ಕಮ್ಮಿ ಸಿಕ್ಕಿದರೆ ನಿಮ್ಮ ಅಂಕಿಯನ್ನೇ ಬಳಸಿ. ಒಂದೇ ಎಚ್ಚರಿಕೆ: ಏಳಲು ತೆಗೆದುಕೊಳ್ಳುವ ಸಮಯವನ್ನು ಈ ವಿಡಿಯೋದಿಂದ ಅಳೆಯಬೇಡಿ. ಹೋಳಿಗೆ ಊಟಕ್ಕೆ ಏಳುವ ಚುರುಕು ಬೆಂಕಿಗೆ ಏಳುವಾಗ ಇರುವುದಿಲ್ಲ.

ತಮಾಷೆ ಅಲ್ಲ ಇದು. ಹೊಗೆ ಕಂಡರೂ ಜನ ತಕ್ಷಣ ಏಳುವುದಿಲ್ಲ. ಹೋಮದ ಹೊಗೆ ಇರಬಹುದು ಅಂದುಕೊಳ್ಳುತ್ತಾರೆ. ಪಕ್ಕದವರ ಮುಖ ನೋಡುತ್ತಾರೆ. ಎದ್ದರೆ ಏನೆಂದುಕೊಳ್ಳುತ್ತಾರೋ ಅಂತ ಕೂರುತ್ತಾರೆ. ಚಪ್ಪಲಿ, ಬ್ಯಾಗು, ಮಗು, ಉಡುಗೊರೆ ಪೊಟ್ಟಣ ಎಲ್ಲ ಹುಡುಕುತ್ತಾರೆ.

ಒಂದೇ ಸಂಖ್ಯೆಯ ಲೆಕ್ಕ ಹೇಗೆ ಮೋಸ ಮಾಡುತ್ತದೆ

ಲೆಕ್ಕಕ್ಕೆ ಕೂತ ಮೊದಲ ದಿನ ನಾನು ಸರಾಸರಿ ಹಾಕಿದೆ. ನೋಡಲು 40 ಸೆಕೆಂಡ್, ಏಳಲು 60, ದಾಟಲು 103. ಒಟ್ಟು 203. ವೇಗದ ಬೆಂಕಿಗೆ ಸಿಗುವ ಸಮಯ 235. ಪಾಸ್! 32 ಸೆಕೆಂಡ್ ಉಳಿತಾಯ. ಭಾವನಿಗೆ ಫೋನ್ ಮಾಡಿ ಖುಷಿಯಿಂದ ಹೇಳಿಬಿಡುವವನಿದ್ದೆ.

ಆದರೆ ಸರಾಸರಿ ಮದುವೆ ಅಂತ ಒಂದು ಇರುವುದಿಲ್ಲ. ಒಂದು ದಿನ 200 ಜನ, ಇನ್ನೊಂದು ದಿನ 600. ಬೆಂಕಿ ಒಮ್ಮೆ ವೇದಿಕೆಯ ಮೇಲೆ ಎಲ್ಲರ ಕಣ್ಣೆದುರು, ಒಮ್ಮೆ ಉಗ್ರಾಣದಲ್ಲಿ. ಕೆಟ್ಟದ್ದೆಲ್ಲ ಒಟ್ಟಿಗೆ ಬಂದ ದಿನ ಏನಾಗುತ್ತದೆ? ಅದು ಎಷ್ಟು ಸಲ ಬರುತ್ತದೆ? ಇದಕ್ಕೆ ಸಂಭವನೀಯತೆಯ ಲೆಕ್ಕ ಬೇಕು.

ದಾಳ ಹಾಕಿದ ಹಾಗೆ ಮತ್ತೆ ಮತ್ತೆ ಆಡಿ ಎಣಿಸುವ ಈ ಉಪಾಯ ಹುಟ್ಟಿದ್ದು ಇಸ್ಪೀಟ್ ಎಲೆಯಿಂದ. 1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಅನ್ನುವ ಗಣಿತಜ್ಞರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟ್ ಆಡುತ್ತಿದ್ದರು. ಆಟ ಗೆಲ್ಲುವ ಸಂಭವ ಎಷ್ಟು ಅಂತ ಲೆಕ್ಕ ಹಾಕಲು ಹೋಗಿ ಸುಸ್ತಾದರು. ಆಮೇಲೆ ಹೊಳೆಯಿತು: ಸುಮ್ನೆ ನೂರು ಸಲ ಆಡಿ, ಎಷ್ಟು ಸಲ ಗೆದ್ದೆ ಅಂತ ಎಣಿಸಿದರೆ ಸಾಕಲ್ಲ! ಜಾನ್ ವಾನ್ ನಾಯ್ಮನ್ ಜೊತೆ ಸೇರಿ ಅದನ್ನು ಅಣು ಸಂಶೋಧನೆಗೆ ತಂದರು. ಜೂಜುಕಟ್ಟೆಗೆ ಹೆಸರಾದ ಮಾಂಟೆ ಕಾರ್ಲೊ ಊರಿನ ಹೆಸರನ್ನು ಅದಕ್ಕೆ ಇಟ್ಟರು. ಅಣು ಸ್ಥಾವರಗಳಲ್ಲಿ ಬೆಂಕಿಯನ್ನು ಸಂಭವನೀಯತೆಯ ಕಣ್ಣಿಂದ ನೋಡುವುದು 1975ರ ನಂತರ ಜೋರಾಯಿತು. ಆ ವರ್ಷ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಗಾಳಿ ಸೋರುತ್ತದಾ ಅಂತ ನೋಡಲು ಹಿಡಿದ ಮೇಣದಬತ್ತಿಯಿಂದ ಕೇಬಲ್‌ಗಳಿಗೆ ಬೆಂಕಿ ಹತ್ತಿತ್ತು. ಕೈಗಾ ಅಣು ಸ್ಥಾವರ ಇರುವ ನಮ್ಮ ಜಿಲ್ಲೆಯವರಿಗೆ ಈ ಜಾತಿಯ ಲೆಕ್ಕ ಪೂರ್ತಿ ಪರಕೀಯ ಆಗಬೇಕಿಲ್ಲ, ಅಲ್ವಾ?

ದಾಳ ಹಾಕಿ

ಈಗ ಒಂದು ಹಾಳೆ ತೆಗೆದುಕೊಂಡು ಐದು ದಾಳಕ್ಕೆ ಅರ್ಥ ಬರೆಯಿರಿ. ನಾನು ಬರೆದದ್ದು:

ದಾಳ 1, ಬೆಂಕಿಯ ವೇಗ. 1, 2 ಬಿದ್ದರೆ ಮಧ್ಯಮ (310 ಸೆಕೆಂಡ್ ಸಿಗುತ್ತದೆ). 3, 4, 5 ಬಿದ್ದರೆ ವೇಗ (235). 6 ಬಿದ್ದರೆ ಅತಿವೇಗ (178). ಮರದ ಬೆಂಚು, ಹತ್ತಿ ಬಟ್ಟೆಯನ್ನು ಮಧ್ಯಮಕ್ಕೆ ಇಟ್ಟೆ. ಥರ್ಮಾಕೋಲ್ ಮಂಟಪ, ಸಿಂಥೆಟಿಕ್ ಪರದೆಯನ್ನು ಅತಿವೇಗಕ್ಕೆ.

ದಾಳ 2, ಬೆಂಕಿ ಕಣ್ಣಿಗೆ ಬೀಳಲು. 15, 20, 30, 40, 60, 75 ಸೆಕೆಂಡ್.

ದಾಳ 3, ಜನ ಏಳಲು. 20, 30, 45, 60, 85, 120 ಸೆಕೆಂಡ್.

ದಾಳ 4, ಎಷ್ಟು ಜನ. 200, 300, 400, 400, 500, 600. ಎರಡೂ ಬಾಗಿಲಿದ್ದರೆ ದಾಟಲು 51, 77, 103, 103, 128, 154 ಸೆಕೆಂಡ್. ಎದುರು ಬಾಗಿಲು ಮಾತ್ರ ಇದ್ದರೆ 73, 110, 147, 147, 183, 220.

ದಾಳ 5, ಹಿಂದಿನ ಬಾಗಿಲು. 1ರಿಂದ 4 ಬಿದ್ದರೆ ತೆರೆದಿದೆ. 5 ಬಿದ್ದರೆ ಕೀಲಿ. 6 ಬಿದ್ದರೆ ಬೆಂಕಿಯೇ ಅಡುಗೆಮನೆ ಕಡೆ, ಆ ಬಾಗಿಲು ಇದ್ದೂ ಇಲ್ಲ. ಈ ಆರನೇ ಮುಖವನ್ನು ಜನ ಮರೆಯುತ್ತಾರೆ. ಎರಡು ಬಾಗಿಲಿದ್ದರೆ ಎರಡೂ ಸಿಗುತ್ತವೆ ಅಂತ ಅಂದುಕೊಳ್ಳುವುದು ದೊಡ್ಡ ತಪ್ಪು. ಬೆಂಕಿಯೂ ಒಂದು ಬಾಗಿಲ ಪಕ್ಕ ನಿಲ್ಲಬಹುದು.

ದಾಳ 2, 3, 4ರ ಸರಾಸರಿ ನನ್ನ ಮೊದಲ ಲೆಕ್ಕದ ಅಂಕಿಗಳೇ: 40, 60, 400. ಬೇಕೆಂದೇ ಹಾಗೆ ಇಟ್ಟೆ.

ಒಂದು ಸಲ ಹಾಕೋಣ. 3, 4, 5, 4, 2 ಬಿತ್ತು. ವೇಗದ ಬೆಂಕಿ, 235 ಸಿಗುತ್ತದೆ. ಬೇಕಾದದ್ದು 40 + 85 + 103 = 228. ಏಳು ಸೆಕೆಂಡಲ್ಲಿ ಬಚಾವ್. ಈಗ ಕೊನೆಯ ದಾಳ ಮಾತ್ರ ಬದಲಾಗಿ 5 ಬಿದ್ದಿದ್ದರೆ? 40 + 85 + 147 = 272. 37 ಸೆಕೆಂಡ್ ತಡ. ಬರೀ ಸೋಲು ಅಂತ ಬರೆದು ಬಿಡಬೇಡಿ. 37 ಸೆಕೆಂಡಿನಲ್ಲಿ ಎದುರು ಬಾಗಿಲಿಂದ ದಾಟಬೇಕಿದ್ದವರು 37 × 2.73, ಸುಮಾರು 100 ಜನ. ಹೊಗೆ ತಲೆಗೆ ಇಳಿದಾಗ ಅಷ್ಟು ಜನ ಇನ್ನೂ ಒಳಗೆ. ಈ ಸಂಖ್ಯೆಗೆ ಒಂದು ಕಾಲಂ ಇಡಿ. ಇಬ್ಬರು ಉಳಿದ ಸೋಲಿಗೂ ನೂರು ಜನ ಉಳಿದ ಸೋಲಿಗೂ ವ್ಯತ್ಯಾಸ ಇದೆ.

ಹೀಗೆ 50 ಸಲ ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಅವರೇ ಹಾಕುತ್ತಾರೆ. ನಮ್ಮನೆಯಲ್ಲಿ ಇಪ್ಪತ್ತು ಸಲದ ಹೊತ್ತಿಗೆ "ಕೀಲಿ ತೆಗಿ, ಕೀಲಿ ತೆಗಿ" ಅಂತ ದಾಳಕ್ಕೇ ಕೂಗಲು ಶುರುಮಾಡಿದ್ದರು.

ಕಂಪ್ಯೂಟರಿಗೆ ದಾಟಿಸಿ

ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಸಾಕು. ಐದು ಕಾಲಂಗಳಲ್ಲಿ ರ್‍ಯಾಂಡ್‌ಬಿಟ್ವೀನ್ ಫಂಕ್ಷನ್ ಬಳಸಿ 1ರಿಂದ 6ರ ಸಂಖ್ಯೆ ಹುಟ್ಟಿಸಿ. ಚೂಸ್ ಫಂಕ್ಷನ್ ಬಳಸಿ ಅದನ್ನು ಸೆಕೆಂಡಿಗೆ ಬದಲಿಸಿ. ಕೂಡಿಸಿ, ಹೋಲಿಸಿ, ಸೋತರೆ 1, ಇಲ್ಲದಿದ್ದರೆ 0. ಆ ಸಾಲನ್ನು 10,000 ಸಾಲಿಗೆ ಎಳೆಯಿರಿ. ಸೋಲಿನ ಕಾಲಂನ ಸರಾಸರಿಯೇ ಉತ್ತರ. ಎಫ್ 9 ಒತ್ತಿದಾಗೆಲ್ಲ ಹೊಸದಾಗಿ ಹತ್ತು ಸಾವಿರ ಬೆಂಕಿ.

ಎಷ್ಟು ಸಲ ಹಾಕಿದರೆ ನಂಬಬಹುದು? ಸೋಲಿನ ಪಾಲನ್ನು ಗೆಲುವಿನ ಪಾಲಿಂದ ಗುಣಿಸಿ, ಸಲಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಅದರ ಎರಡು ಪಟ್ಟು ಆಚೆ ಈಚೆ ಇರಬಹುದು. ನಮ್ಮ ಉತ್ತರ ಸುಮಾರು 32% ಇರುವಾಗ 50 ಸಲಕ್ಕೆ ಆಚೆ ಈಚೆ 13, ಸಾವಿರ ಸಲಕ್ಕೆ 3, ಹತ್ತು ಸಾವಿರಕ್ಕೆ 1. ಇನ್ನೊಂದು ಕೈಲೆಕ್ಕ: 100 ಸಲದಲ್ಲಿ ಒಮ್ಮೆಯೂ ಸೋಲದಿದ್ದರೆ ಸೋಲೇ ಇಲ್ಲ ಅಂತ ಅಲ್ಲ, 3%ವರೆಗೂ ಇರಬಹುದು ಅಂತ. ಮೂರನ್ನು ಸಲಗಳಿಂದ ಭಾಗಿಸಿದರೆ ಸಿಗುವ ಅಂಕಿ ಅದು.

ದಾಳದ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಐದು ದಾಳಕ್ಕೆ ಒಟ್ಟು 7,776 ಬಗೆ ಮಾತ್ರ. ಎಲ್ಲವನ್ನೂ ಎಣಿಸಿಬಿಡಬಹುದು. ಎಣಿಸಿದೆ. 2,512ರಲ್ಲಿ ಸೋಲು. 32.3%.

ಸರಾಸರಿ ಹಾಕಿದಾಗ ಪಾಸಾಗಿದ್ದ ಹಾಲ್, ಮೂರರಲ್ಲಿ ಒಂದು ಸಲ ಫೇಲು.

ಸಮಿತಿಯ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು ಹಿರಿಯರು ಎದ್ದು, "ನೂರು ಮದುವೆಯಲ್ಲಿ 32ರಲ್ಲಿ ಜನ ಸಾಯ್ತಾರೆ ಅಂತ್ಲಾ ನೀವು ಹೇಳೋದು? ನಲವತ್ತು ವರ್ಷದಿಂದ ಒಂದೂ ಆಗಿಲ್ಲವಲ್ಲ" ಅಂದರು. ಅವರ ಪ್ರಶ್ನೆ ಸರಿಯಾಗೇ ಇತ್ತು, ನಾನು ಹೇಳಿದ ರೀತಿ ತಪ್ಪಾಗಿತ್ತು. ಈ 32% "ದೊಡ್ಡ ಬೆಂಕಿ ಹತ್ತಿದರೆ, ಯಾರೂ ಆರಿಸಲಿಲ್ಲ ಅಂದರೆ" ಅನ್ನುವ ಮಾತಿನ ಆಮೇಲಿನದು. ವರ್ಷದ ಅಪಾಯ ಬೇಕಾದರೆ ಅಂಥ ಬೆಂಕಿ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದರಿಂದ ಗುಣಿಸಬೇಕು. ನೀವೂ ಇದನ್ನು ಮೊದಲ ವಾಕ್ಯದಲ್ಲೇ ಹೇಳಿ. ಇಲ್ಲದಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತದೆ.

ಒಂದೊಂದೇ ಬದಲಿಸಿ ನೋಡಿ

ನಿಜ ಹೇಳಬೇಕೆಂದರೆ 32 ಅನ್ನುವ ಅಂಕಿಯ ಮೇಲೆ ನನಗೇ ಅಷ್ಟು ಭರವಸೆ ಇಲ್ಲ. ದಾಳದ ಮುಖಗಳ ಮೇಲೆ ಬರೆದದ್ದು ನನ್ನ ಅಂದಾಜು. ಆದರೆ ಒಂದೇ ಅಂದಾಜು ಇಟ್ಟುಕೊಂಡು ಎರಡು ಉಪಾಯ ಹೋಲಿಸಿದರೆ ಯಾವುದು ಮೇಲು ಅನ್ನುವುದು ಸಾಕಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಈ ಇಡೀ ಕೆಲಸದ ನಿಜವಾದ ಉಪಯೋಗ ಅದೇ.

ಮೊದಲ ಉಪಾಯ, ಹಿಂದಿನ ಬಾಗಿಲು ಯಾವಾಗಲೂ ಸಿಗುವಂತೆ ಮಾಡುವುದು. ಕೀಲಿ ಬೇಡ, ಸಿಲಿಂಡರ್ ಆ ಕಡೆ ಬೇಡ. ಸೋಲು 32ರಿಂದ 25%ಗೆ ಇಳಿಯಿತು. ಎರಡನೆಯದು, 400ಕ್ಕಿಂತ ಜಾಸ್ತಿ ಜನ ಬೇಡ. ಅದಕ್ಕೂ 25%. ಮೂರನೆಯದು, ಥರ್ಮಾಕೋಲ್ ಮತ್ತು ಸಿಂಥೆಟಿಕ್ ಅಲಂಕಾರ ಬಂದ್, ದಾಳ 1ರ ಆರನೇ ಮುಖವೂ ವೇಗದ ಬೆಂಕಿಯೇ ಆಗುತ್ತದೆ. 26%.

ನಾಲ್ಕನೆಯದು ಪುಕ್ಕಟೆ. ಹಾಲಿನಲ್ಲಿ ಮೈಕ್ ಹೇಗೂ ಇದೆ. ಬೆಂಕಿ ಕಂಡ ಕೂಡಲೇ ಮೈಕಿನವನು ಸ್ಪಷ್ಟವಾಗಿ ಹೇಳಿದರೆ ಜನ ಏಳುವ ಸಮಯ ಸುಮಾರು ಅರ್ಧ ಆಗುತ್ತದೆ ಅಂತ ಇಟ್ಟುಕೊಂಡೆ. ದಾಳ 3ರ ಮುಖಗಳು 10, 15, 20, 30, 40, 60. ಸೋಲು 18%ಗೆ ಇಳಿಯಿತು!

ನಾನು ಬಾಗಿಲೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಈ ಲೇಖನ ಶುರುವಾದದ್ದೇ ಆ ಕೀಲಿಯಿಂದ. ಆದರೆ ಒಂಟಿಯಾಗಿ ನೋಡಿದರೆ ಮೈಕ್ ಮುಂದೆ. ಮೈಕ್ ಮತ್ತು ಬಾಗಿಲು ಸೇರಿದರೆ 11%. ಅದಕ್ಕೆ 400ರ ಮಿತಿ ಸೇರಿದರೆ 5.6%. ಅಲಂಕಾರವೂ ಬದಲಾದರೆ 1.2%, ಅಂದರೆ 7,776ರಲ್ಲಿ 96. ಗಮನಿಸಿ, ಅಲಂಕಾರ ಒಂದೇ ಬದಲಿಸಿದಾಗ ಹೆಚ್ಚೇನೂ ಆಗಿರಲಿಲ್ಲ. ಉಳಿದ ಮೂರೂ ಸರಿಯಾದ ಮೇಲೆ ಉಳಿದ ಸೋಲುಗಳಲ್ಲಿ ಹೆಚ್ಚಿನವು ಅತಿವೇಗದ ಬೆಂಕಿಯವೇ. ಹಾಗಾಗಿ ಕೊನೆಗೆ ಅದೇ ದೊಡ್ಡದಾಗುತ್ತದೆ. ಒಂದು ಉಪಾಯದ ಬೆಲೆ ಬೇರೆ ಉಪಾಯಗಳನ್ನು ಅವಲಂಬಿಸಿದೆ ಅನ್ನುವುದು ಸರಾಸರಿಯ ಲೆಕ್ಕದಲ್ಲಿ ಯಾವತ್ತೂ ಕಾಣುವುದಿಲ್ಲ.

ದಾಳಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ

ಐದು ದಾಳ ಬಿಡಿಬಿಡಿಯಾಗಿ ಬೀಳುತ್ತವೆ ಅಂದುಕೊಂಡೆವಲ್ಲ, ಅದು ಸರಿಯಲ್ಲ. ದೊಡ್ಡ ಮದುವೆಯ ದಿನವೇ ಪಾತ್ರೆ ಜಾಸ್ತಿ, ಸಿಲಿಂಡರ್ ಜಾಸ್ತಿ, ಹಿಂದಿನ ಬಾಗಿಲ ಮುಂದೆ ರಾಶಿ ಜಾಸ್ತಿ. ಅಲಂಕಾರವೂ ಆವತ್ತೇ ಭರ್ಜರಿ. ಕರೆಂಟ್ ಹೋಗಿ ಜನರೇಟರ್ ಶುರುವಾಗದಿದ್ದರೆ ಬೆಳಕೂ ಇಲ್ಲ, ಮೈಕೂ ಇಲ್ಲ, ಎರಡೂ ಒಟ್ಟಿಗೆ ಹೋಗುತ್ತವೆ. ನಮ್ಮ ಮಳೆಗಾಲದಲ್ಲಿ ಇದೇನು ಅಪರೂಪವಲ್ಲ.

ಇದನ್ನೂ ಪರೀಕ್ಷಿಸಿದೆ. ಹಿಂದಿನ ಬಾಗಿಲು ಸಿಗದ ದಿನಗಳನ್ನು ಮೂರರಲ್ಲಿ ಒಂದು ಅಂತಲೇ ಇಟ್ಟೆ. ಆದರೆ ಅವೆಲ್ಲ 500, 600 ಜನ ಇರುವ ದಿನಗಳೇ ಅಂತ ಮಾಡಿದೆ. ಕೆಟ್ಟ ದಿನಗಳ ಸಂಖ್ಯೆ ಅಷ್ಟೇ, ಸೋಲು ಮಾತ್ರ 32ರಿಂದ 36%ಗೆ ಏರಿತು. ಅದಕ್ಕಿಂತ ಮುಖ್ಯವಾಗಿ, ಒಳಗೆ ಉಳಿಯುವವರ ಕಾಲಂ ಉಬ್ಬಿತು. ಎಕ್ಸೆಲ್‌ನಲ್ಲಿ ಇದು ಸುಲಭ: ಬಾಗಿಲ ಕಾಲಂ ದಾಳ ಹಾಕುವ ಬದಲು ಜನರ ಕಾಲಂ ನೋಡಲಿ.

ದಾಳದ ಆರು ಮುಖ ಸಾಲದು ಅನ್ನಿಸಿದರೆ ಮುಂದೆ ಹೋಗಿ. ಜನ ಏಳುವ ಸಮಯಕ್ಕೆ ಲಾಗ್‌ನಾರ್ಮಲ್ ಹಂಚಿಕೆ ಚೆನ್ನಾಗಿ ಹೊಂದುತ್ತದೆ. ಹೆಚ್ಚಿನವರು ಬೇಗ ಏಳುತ್ತಾರೆ, ಕೆಲವರು ತುಂಬಾ ತಡ ಮಾಡುತ್ತಾರೆ, ಅದರ ಬಾಲ ಬಲಕ್ಕೆ ಉದ್ದ.

ಯಾವಾಗ ದೊಡ್ಡ ಸಾಫ್ಟ್‌ವೇರ್ ಬೇಕು

ಎರಡು ಮಹಡಿ, ಬಾಲ್ಕನಿ, ಒಂದರೊಳಗೊಂದು ಕೋಣೆ, ಆಸ್ಪತ್ರೆ ವಾರ್ಡ್ ಇದ್ದರೆ ಮೇಲಿನ ಸೂತ್ರ ಸಾಲುವುದಿಲ್ಲ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಸಿಫಾಸ್ಟ್ ಮತ್ತು ಎಫ್‌ಡಿಎಸ್ ಅನ್ನುವ ಎರಡು ಸಾಫ್ಟ್‌ವೇರ್‌ಗಳನ್ನು ಉಚಿತವಾಗಿ ಕೊಡುತ್ತದೆ. ಸಿಫಾಸ್ಟ್ ಪ್ರತಿ ಕೋಣೆಯನ್ನು ಮೇಲಿನ ಬಿಸಿ ಪದರ, ಕೆಳಗಿನ ತಣ್ಣನೆ ಪದರ ಅಂತ ಎರಡೇ ಭಾಗ ಮಾಡುತ್ತದೆ. ಒಂದು ಸಲ ಓಡಿಸಲು ಹೆಚ್ಚು ಹೊತ್ತು ಬೇಡ, ಹಾಗಾಗಿ ಸಾವಿರ ಸಲ ಓಡಿಸಬಹುದು. ಎಫ್‌ಡಿಎಸ್ ಜಾಗವನ್ನು ಸಣ್ಣ ಸಣ್ಣ ಚೌಕ ಮಾಡಿ ಗಾಳಿ, ಹೊಗೆಯ ಹರಿವನ್ನೇ ಬಿಡಿಸುತ್ತದೆ. ಒಂದು ಓಟಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು. ಅದನ್ನು ಸಾವಿರ ಸಲ ಓಡಿಸಲು ನಮ್ಮಂಥವರಿಗೆ ಆಗದು. ಫಿನ್ಲೆಂಡಿನ ವಿಟಿಟಿ ಸಂಶೋಧನಾ ಸಂಸ್ಥೆಯವರು ಬೆಂಕಿಯ ಮಾದರಿಗೆ ಮಾಂಟೆ ಕಾರ್ಲೊ ಜೋಡಿಸುವ ಕೆಲಸವನ್ನು ಇಪ್ಪತ್ತು ವರ್ಷದ ಹಿಂದೆಯೇ ಮಾಡಿದ್ದಾರೆ. ಸರಳ ಮಾದರಿಯನ್ನು ಸಾವಿರಾರು ಸಲ, ಕಷ್ಟದ ಮಾದರಿಯನ್ನು ಆಯ್ದ ಕೆಲವೇ ಸಲ ಓಡಿಸಿ ಎರಡನ್ನೂ ಹೊಂದಿಸುವುದು ಅವರ ದಾರಿ. ಮತ್ತೊಂದು ಉಪಾಯ ಲ್ಯಾಟಿನ್ ಹೈಪರ್‌ಕ್ಯೂಬ್. ದಾಳವನ್ನು ಸುಮ್ನೆ ಎಸೆಯುವ ಬದಲು ಪ್ರತಿ ಮುಖವೂ ಸಮವಾಗಿ ಬರುವಂತೆ ಹಂಚುವುದು. ಕಮ್ಮಿ ಸಲದಲ್ಲಿ ಹೆಚ್ಚು ಮಾಹಿತಿ ಸಿಗುತ್ತದೆ.

ಒಂದು ವಿಷಯ ಸ್ಪಷ್ಟವಿರಲಿ. ಈ ಲೆಕ್ಕ ತೋರಿಸಿ ಪರವಾನಗಿ ಕೇಳಲು ಹೋಗಬೇಡಿ. ಬಾಗಿಲ ಅಗಲ, ನಡೆಯುವ ದೂರ, ಅಗ್ನಿಶಾಮಕ ಸಾಧನ ಇವಕ್ಕೆಲ್ಲ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಇದೆ, ಅಗ್ನಿಶಾಮಕ ಇಲಾಖೆಯ ನಿಯಮ ಇದೆ. ಅವು ಕನಿಷ್ಠ. ದಾಳ ಹಾಕುವುದು ಅದರ ಮೇಲೆ ಏನು ಮಾಡಬೇಕು ಅಂತ ತಿಳಿಯಲು.

ಲೆಕ್ಕದಿಂದ ಗೋಡೆಗೆ

ಕೀಲಿಯ ಜಗಳ ಹೇಗೆ ಬಗೆಹರಿಯಿತು ಅಂತ ಹೇಳಿಬಿಡುತ್ತೇನೆ. ಭಾವನ ಪಾತ್ರೆಯ ಚಿಂತೆಯೂ ಸುಳ್ಳಲ್ಲ. ಹಿಂದಿನ ಬಾಗಿಲಿಗೆ ಒಳಗಿಂದ ಅಡ್ಡಪಟ್ಟಿ ತಳ್ಳಿದರೆ ತೆರೆಯುವ, ಹೊರಗಿಂದ ತೆರೆಯಲಾಗದ ಚಿಲಕ ಹಾಕಿಸಿದರು. ಸಿಲಿಂಡರ್‌ಗಳಿಗೆ ಹೊರಗೆ ಜಾಲರಿ ಗೂಡು ಆಯಿತು. ಬಾಗಿಲ ಮುಂದಿನ ನೆಲಕ್ಕೆ ಹಳದಿ ಬಣ್ಣ ಬಳಿದರು. ಅದರ ಮೇಲೆ ಈಗಲೂ ಆಗಾಗ ಬಾಳೆಲೆ ಕಟ್ಟು ಕೂರುತ್ತದೆ. ಮೈಕಿಗೂ ದೀಪಕ್ಕೂ ಬ್ಯಾಟರಿ ಇಟ್ಟರು. 400ರ ಮಿತಿಗೆ ಮಾತ್ರ ಯಾರೂ ಒಪ್ಪಲಿಲ್ಲ. ಬಾಡಿಗೆ ಹೋಗುತ್ತದಲ್ಲ! ಹಾಗಾಗಿ ಇವತ್ತಿನ ಲೆಕ್ಕದಲ್ಲಿ ದಾಳ 4ರ ಮೇಲೆ 600 ಇನ್ನೂ ಇದೆ. ದಾಳ 5ರ ಆರನೇ ಮುಖವನ್ನೂ ನಾನು ಪೂರ್ತಿ ಅಳಿಸಿಲ್ಲ. ಗೂಡು ಹೊರಗೆ ಹೋದರೂ ಒಲೆ ಅಲ್ಲೇ ಇದೆ.

ಮೈಕಿನ ಪಕ್ಕ ಒಂದು ಚೀಟಿ ಅಂಟಿಸಿದ್ದಾರೆ. ಗಾಬರಿಯಲ್ಲಿ ಮಾತು ಹುಡುಕುವ ಕೆಲಸ ಬೇಡ ಅಂತ. ನಿಮ್ಮ ಹಾಲಿಗೂ ಬೇಕಾದರೆ ನಕಲು ಮಾಡಿಕೊಳ್ಳಿ:

"ಎಲ್ಲರೂ ಕೇಳಿ. ಹಾಲಿನಲ್ಲಿ ಬೆಂಕಿ ಇದೆ. ಎಡಗಡೆ ಕೂತವರು ಹಿಂದಿನ ಬಾಗಿಲಿಂದ, ಬಲಗಡೆಯವರು ಎದುರು ಬಾಗಿಲಿಂದ ಹೊರಗೆ ನಡೆಯಿರಿ. ಚಪ್ಪಲಿ, ಬ್ಯಾಗು ಬಿಡಿ. ಮಕ್ಕಳ ಕೈ ಹಿಡಿಯಿರಿ. ಅಂಗಳದಲ್ಲಿ ತುಳಸಿಕಟ್ಟೆಯ ಆಚೆ ನಿಲ್ಲಿ."

ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: "ಬೆಂಕಿ ಅಡುಗೆಮನೆ ಕಡೆ ಇದ್ದರೆ ಎಲ್ಲರೂ ಎದುರು ಬಾಗಿಲಿಂದ ಅಂತ ಹೇಳು. ಹೂವಿನ ಕಮಾನು ಕೆಡವಲು ಇಬ್ಬರನ್ನು ಕಳಿಸು."